ಮೋಟಾರಿಗೆ ಸಾಲದಿರುವುದು ಕರೆಂಟೋ, ಒತ್ತಡವೋ?

ಪ್ರಶ್ನೆ: ಸರ್, ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಕಡೆ ಸಣ್ಣ ಕಾಫಿ ತೋಟ. ಎರಡು ವರ್ಷಗಳಿಂದ ಮನೆಯಲ್ಲೇ ಬೀಜ ಹುರಿದು, ಪುಡಿ ಮಾಡಿ, ಕಾಲು ಕಿಲೋ ಪ್ಯಾಕೆಟ್‌ಗಳಲ್ಲಿ ಮಾರುತ್ತಿದ್ದೇವೆ. ಡಿಪ್ಲೊಮಾ ಓದುತ್ತಿರುವ ಮಗ ಪುಡಿ ತುಂಬುವ ಯಂತ್ರವೊಂದನ್ನು ಮಾಡಿಕೊಟ್ಟಿದ್ದಾನೆ. ಮೇಲೆ ಹಾಪರ್, ಕೆಳಗೆ ಕೊಳವೆಯೊಳಗೆ ಸ್ಕ್ರೂ, ಸ್ಕ್ರೂ ತಿರುಗಿಸಲು ಹೆಜ್ಜೆ ಹೆಜ್ಜೆಯಾಗಿ ತಿರುಗುವ, ನೆಮಾ 23 ಅಳತೆಯ ಸ್ಟೆಪರ್ ಮೋಟಾರ್. ಮೋಟಾರಿನ ಚೀಟಿಯಲ್ಲಿ 2.8 ಆಂಪಿಯರ್, ತಿರುಗಿಸುವ ಬಲ 18.9 ಕೆಜಿ–ಸೆಂಮೀ ಎಂದಿದೆ. ಒಂದು ಸುತ್ತಿಗೆ ಸುಮಾರು 12 ಗ್ರಾಂ ಪುಡಿ ಬೀಳುತ್ತದೆ. 21 ಸುತ್ತಿಗೆ ಒಂದು ಪ್ಯಾಕೆಟ್. ನಾಲ್ಕು ಸೆಕೆಂಡಿನಲ್ಲಿ ಮುಗಿಯಲೆಂದು ನಿಮಿಷಕ್ಕೆ 300 ಸುತ್ತು ಇಟ್ಟಿದ್ದಾನೆ. ಮೋಟಾರ್ ಓಡಿಸಲು ಮೊದಲು ಎ4988 ಎಂಬ ಚಿಕ್ಕ ಡ್ರೈವರ್ ಬೋರ್ಡ್ ಹಾಕಿದ್ದ. ಅದು ಕಾದು ಕಾದು ನಿಂತುಬಿಡುತ್ತಿತ್ತು. ಈಗ ಟಿಬಿ6600 ಇದೆ. ಸ್ವಿಚ್ಚುಗಳನ್ನು 2.8 ಆಂಪಿಯರಿಗೆ, ಮೈಕ್ರೊಸ್ಟೆಪ್ ನಾಲ್ಕಕ್ಕೆ (ಒಂದು ಹೆಜ್ಜೆಯನ್ನು ನಾಲ್ಕು ಪುಟ್ಟ ಹೆಜ್ಜೆಗಳಾಗಿ ಒಡೆಯುವಂತೆ) ಇಟ್ಟಿದ್ದಾನೆ. ವಿದ್ಯುತ್ ಕೊಡಲು 12 ವೋಲ್ಟ್, 10 ಆಂಪಿಯರಿನ ಎಸ್‌ಎಂಪಿಎಸ್, ಬೋರ್ಡಿಗೆ ಆಜ್ಞೆ ಕೊಡಲು ಆರ್ಡುಯಿನೊ ಉನೊ. ಮಾರ್ಚಿನಲ್ಲಿ ಚೆನ್ನಾಗಿಯೇ ಓಡಿತು. ಜೂನ್‌ನಿಂದ ಈಚೆಗೆ ಅರ್ಧ ಪ್ಯಾಕೆಟ್ಟಿಗೆ ಗರ್ ಎಂದು ನಡುಗಿ ನಿಲ್ಲುತ್ತದೆ. ಎಸ್‌ಎಂಪಿಎಸ್ ಮತ್ತು ಬೋರ್ಡಿನ ನಡುವೆ ಮೀಟರ್ ಇಟ್ಟು ನೋಡಿದರೆ ನಿಂತಾಗ 0.9 ಆಂಪಿಯರ್, ಓಡುವಾಗ ಒಂದೂವರೆ ದಾಟುವುದಿಲ್ಲ. ಬೋರ್ಡ್ 2.8 ಕೊಡುತ್ತಿಲ್ಲ ಎಂದಾಯಿತಲ್ಲವೇ? ಅಂಗಡಿಯವರು 20 ಆಂಪಿಯರಿನ ಎಸ್‌ಎಂಪಿಎಸ್ ಹಾಕಿ ಎನ್ನುತ್ತಾರೆ. ಮಗನ ಗೆಳೆಯ ಮೈಕ್ರೊಸ್ಟೆಪ್ ತೆಗೆದರೆ ಬಲ ನಾಲ್ಕು ಪಟ್ಟಾಗುತ್ತದೆ ಎನ್ನುತ್ತಾನೆ. ಇನ್ನೊಬ್ಬರು ನೆಮಾ 34 ತನ್ನಿ ಎಂದರು. ಮೋಟಾರ್ ಮುಟ್ಟಲಾಗದಷ್ಟು ಬಿಸಿಯೂ ಆಗುತ್ತದೆ. ಏನು ಮಾಡುವುದು?

ಉತ್ತರ: ಮೊದಲು ನಿಮ್ಮ ಮಗನಿಗೊಂದು ಶಹಬ್ಬಾಸ್. ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು "ಮೋಟಾರ್ ಓಡುತ್ತಿಲ್ಲ, ಯಾಕೆ?" ಎಂಬಷ್ಟರಲ್ಲೇ ಮುಗಿಯುತ್ತವೆ. ನೀವು ವೋಲ್ಟೇಜು, ಸುತ್ತು, ಸ್ವಿಚ್ಚು, ಮೀಟರಿನ ಓದು, ಕೆಟ್ಟ ತಿಂಗಳು ಎಲ್ಲವನ್ನೂ ಬರೆದಿದ್ದೀರಿ. ಉತ್ತರದ ಅರ್ಧ ನಿಮ್ಮ ಪತ್ರದಲ್ಲೇ ಇದೆ.

ನಿಮ್ಮ ಆತಂಕ ಇಷ್ಟು: ಮೋಟಾರ್ ಬೇಡುವ 2.8 ಆಂಪಿಯರನ್ನು ಬೋರ್ಡ್ ಕೊಡುತ್ತಿಲ್ಲ, ಅದಕ್ಕೇ ಬಲ ಸಾಲುತ್ತಿಲ್ಲ. ನನ್ನ ಅಂದಾಜಿನಲ್ಲಿ ಬೋರ್ಡ್ ಕೊಡುತ್ತಿದೆ. ನಿಂತಿರುವಾಗ ಪೂರ್ತಿ ಕೊಡುತ್ತಿದೆ. ಓಡುವಾಗ ಕೊಡಲು ಅದಕ್ಕೆ ಪುರಸೊತ್ತಿಲ್ಲ. ಈ ಎರಡರ ನಡುವೆ ನಿಮ್ಮ ತೊಂದರೆ ಕೂತಿದೆ.

ಮೀಟರಿನ ವಿಷಯ ಮೊದಲು ಮುಗಿಸೋಣ. ಇದೇ ತಪ್ಪಿನಿಂದ ನಾನೂ ಒಮ್ಮೆ ಎರಡು ಒಳ್ಳೆಯ ಬೋರ್ಡುಗಳನ್ನು ಕೆಟ್ಟಿವೆ ಎಂದು ಅಂಗಡಿಗೆ ವಾಪಸು ಮಾಡಿದ್ದೇನೆ. ಮೂರನೆಯದೂ ಅದೇ ಓದು ತೋರಿಸಿದಾಗ ಕಾಗದ, ಪೆನ್ನು ತೆಗೆದುಕೊಂಡು ಕುಳಿತೆ. ನಿಮ್ಮ ಮೋಟಾರಿನಂಥವುಗಳ ಒಂದು ಸುರುಳಿಯ ರೋಧ ಸುಮಾರು 1.1 ಓಮ್. ಅದರಲ್ಲಿ 2.8 ಆಂಪಿಯರ್ ಹರಿಯಲು ಬೇಕಾದದ್ದು ಮೂರು ವೋಲ್ಟ್ ಮಾತ್ರ. ನಿಮ್ಮ ಎಸ್‌ಎಂಪಿಎಸ್ 12 ವೋಲ್ಟ್ ಕೊಡುತ್ತದೆ. ಬೋರ್ಡ್ ಆ 12 ವೋಲ್ಟನ್ನು ಸೆಕೆಂಡಿಗೆ ಸಾವಿರಾರು ಬಾರಿ ಹಚ್ಚಿ ಆರಿಸಿ, ಸುರುಳಿಯಲ್ಲಿ 2.8 ಆಂಪಿಯರ್ ಮೀರದಂತೆ ಕಾಯುತ್ತದೆ. ನಿಂತ ಮೋಟಾರ್ ಕೆಲಸವನ್ನೇನೂ ಮಾಡುವುದಿಲ್ಲ, ಬರೀ ಬಿಸಿಯಾಗುತ್ತದೆ. ಆ ಬಿಸಿ ಎರಡೂ ಸುರುಳಿ ಸೇರಿ ಸುಮಾರು 9 ವ್ಯಾಟ್. 9 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ ಮುಕ್ಕಾಲು ಆಂಪಿಯರ್. ಬೋರ್ಡಿನ ಸ್ವಂತ ಖರ್ಚು ಸ್ವಲ್ಪ ಸೇರಿಸಿ. ನಿಮ್ಮ ಮೀಟರ್ ತೋರಿಸಿದ 0.9 ಬಂತಲ್ಲ! ಎಸ್‌ಎಂಪಿಎಸ್‌ನಿಂದ ಹೊರಡುವ ಆಂಪಿಯರೇ ಬೇರೆ, ಸುರುಳಿಯಲ್ಲಿ ಸುತ್ತುವ ಆಂಪಿಯರೇ ಬೇರೆ. ಬೋರ್ಡಿನ ಈಚೆ ನಿಂತು ಆಚೆಯದನ್ನು ಅಳೆಯಲಾಗದು.

ಹಾಗಾದರೆ ಆಚೆಯೇ ಮೀಟರ್ ಇಡೋಣ ಎಂದು ಮೋಟಾರಿನ ತಂತಿ ಬಿಚ್ಚಲು ಹೋಗಬೇಡಿ. ವಿದ್ಯುತ್ ಇರುವಾಗ ಮೋಟಾರಿನ ತಂತಿ ಕಳಚಿದರೆ ಸುರುಳಿಯಲ್ಲಿ ಕೂತ ಶಕ್ತಿ ಒಮ್ಮೆಗೇ ಬೋರ್ಡಿನ ಮೇಲೆ ಬೀಳುತ್ತದೆ. ಅಲ್ಲಿಗೆ ಅದರ ಆಯಸ್ಸು ಮುಗಿಯಿತು. ನನ್ನ ಮೇಜಿಗೆ ಬರುವ ಸತ್ತ ಬೋರ್ಡುಗಳಲ್ಲಿ ಹೆಚ್ಚಿನವು ಹೀಗೆ ಸತ್ತವೇ.

ಇಷ್ಟು ತಿಳಿದ ಮೇಲೆ 20 ಆಂಪಿಯರಿನ ಎಸ್‌ಎಂಪಿಎಸ್ ಕೊಳ್ಳುವ ಮಾತು ತಾನಾಗಿ ಬಿದ್ದುಹೋಗುತ್ತದೆ. ಹೂಮಳೆ ಕೈಕೊಟ್ಟ ವರ್ಷ ನೀವೂ ತೋಟಕ್ಕೆ ಸ್ಪ್ರಿಂಕ್ಲರ್ ಹಿಡಿದಿರುತ್ತೀರಿ. ಕೆರೆ ಎರಡು ಪಟ್ಟು ದೊಡ್ಡದಾಯಿತೆಂದು ನೀರು ಎರಡು ಪಟ್ಟು ದೂರ ಚಿಮ್ಮುತ್ತದೆಯೇ? ಚಿಮ್ಮಿಸುವುದು ಪಂಪಿನ ಒತ್ತಡ. ಎಸ್‌ಎಂಪಿಎಸ್ ಮೇಲಿನ 10 ಆಂಪಿಯರ್, 20 ಆಂಪಿಯರ್ ಎಂಬುದು ಕೆರೆಯ ಅಳತೆ. ವೋಲ್ಟೇಜು ಒತ್ತಡ. ನೀವು ಹತ್ತರಲ್ಲಿ ಒಂದೂವರೆಯನ್ನಷ್ಟೇ ಬಳಸುತ್ತಿದ್ದೀರಿ. ಕೆರೆ ತುಂಬಿಯೇ ಇದೆ. ನಮ್ಮ ಕಡೆ ಎಲ್ಲಕ್ಕೂ "ಕರೆಂಟ್" ಎಂಬ ಒಂದೇ ಮಾತು ಇರುವುದರಿಂದಲೂ ಈ ಗೊಂದಲ ಹೆಚ್ಚು ಎಂದು ನನಗೆ ಅನ್ನಿಸಿದೆ.

ಒತ್ತಡ ಏಕೆ ಬೇಕು? ಸ್ಟೆಪರ್ ಮೋಟಾರಿನ ಸುರುಳಿ ಬರೀ ತಂತಿಯಲ್ಲ, ಅದಕ್ಕೆ ಇಂಡಕ್ಟನ್ಸ್ ಎಂಬ ಜಡತೆ ಇದೆ. ಹರಿಯುತ್ತಿದ್ದ ಆಂಪಿಯರ್ ಒಮ್ಮೆಗೇ ಏರಲೂ ಬಿಡುವುದಿಲ್ಲ, ಇಳಿಯಲೂ ಬಿಡುವುದಿಲ್ಲ. ನಿಮ್ಮ ಅಳತೆಯ ಮೋಟಾರುಗಳಲ್ಲಿ ಅದು 3.6 ಮಿಲಿಹೆನ್ರಿಯ ಆಸುಪಾಸು. ಈ ಮೋಟಾರಿಗೆ ಸುತ್ತಿಗೆ 200 ಹೆಜ್ಜೆ; ನಿಮಿಷಕ್ಕೆ 300 ಸುತ್ತೆಂದರೆ ಸೆಕೆಂಡಿಗೆ 1000 ಹೆಜ್ಜೆ. ಎರಡು ಹೆಜ್ಜೆಗೊಮ್ಮೆ, ಎಂದರೆ 2 ಮಿಲಿಸೆಕೆಂಡಿಗೊಮ್ಮೆ, ಪ್ರತಿ ಸುರುಳಿಯ ಹರಿವು ದಿಕ್ಕು ಬದಲಿಸಬೇಕು. 12 ವೋಲ್ಟಿನಲ್ಲಿ ಒಂದು ದಿಕ್ಕಿನ 2.8 ಆಂಪಿಯರನ್ನು ಇಳಿಸಿ ಇನ್ನೊಂದು ದಿಕ್ಕಿಗೆ 2.8 ಏರಿಸಲು ಹಿಡಿಯುವ ಸಮಯ ಸುಮಾರು 1.7 ಮಿಲಿಸೆಕೆಂಡ್. ಇದ್ದದ್ದೇ ಎರಡು! ಸಾಲದೆಂಬಂತೆ ತಿರುಗುವ ಮೋಟಾರ್ ತಾನೇ ಡೈನಮೊ ಆಗಿ ಎದುರು ವೋಲ್ಟೇಜನ್ನೂ ಹುಟ್ಟಿಸುತ್ತದೆ. ವೇಗ ಏರಿದಷ್ಟೂ ಅದು ಏರುತ್ತದೆ. ಹಾಗಾಗಿ 300 ಸುತ್ತಿನಲ್ಲಿ ನಿಮ್ಮ ಸುರುಳಿಗಳು ಪೂರ್ತಿ 2.8ನ್ನು ಕಾಣುವುದೇ ಇಲ್ಲ. ಏರುವಷ್ಟರಲ್ಲಿ ಇಳಿಯುವ ಸರದಿ ಬಂದಿರುತ್ತದೆ. 24 ವೋಲ್ಟ್ ಕೊಟ್ಟರೆ ಆ 1.7 ಅರ್ಧಕ್ಕಿಳಿಯುತ್ತದೆ, 36 ಕೊಟ್ಟರೆ ಮೂರನೇ ಒಂದಕ್ಕೆ.

ನಿಮ್ಮ ಮೀಟರಿನ ಇನ್ನೊಂದು ಓದೂ ಇದನ್ನೇ ಹೇಳುತ್ತದೆ. ಓಡುವಾಗ ಒಂದೂವರೆ ಆಂಪಿಯರ್, ಎಂದರೆ 18 ವ್ಯಾಟ್. ಅದರಲ್ಲಿ ಬಿಸಿಗೆ ಹೋದದ್ದನ್ನು ಕಳೆದರೆ ಸ್ಕ್ರೂ ತಿರುಗಿಸಲು ಉಳಿಯುವುದು ಹತ್ತರ ಆಜುಬಾಜು. ಪುಡಿ ಬಿಗಿದು ಸ್ಕ್ರೂಗೆ 8 ಕೆಜಿ–ಸೆಂಮೀ ಬೇಕಾಯಿತೆನ್ನಿ. 300 ಸುತ್ತಿನಲ್ಲಿ ಅದಕ್ಕೆ 25 ವ್ಯಾಟ್ ಬೇಕು. ಒಳಗೆ ಬಾರದ ವ್ಯಾಟ್ ಹೊರಗೆ ಎಲ್ಲಿಂದ ಬಂದೀತು? ಅದೇ 8 ಕೆಜಿ–ಸೆಂಮೀ 150 ಸುತ್ತಿನಲ್ಲಿ ಕೇಳುವುದು ಹನ್ನೆರಡೂವರೆ ವ್ಯಾಟ್ ಮಾತ್ರ. ನಿಧಾನವಾದಾಗ ಸುರುಳಿ ತುಂಬಲು ಸಮಯವೂ ಎರಡು ಪಟ್ಟು ಸಿಗುತ್ತದೆ.

ಇನ್ನು ಚೀಟಿಯ 18.9. ಅದು ನಿಂತ ಮೋಟಾರನ್ನು ಬಲವಂತವಾಗಿ ತಿರುಗಿಸಲು ಬೇಕಾಗುವ ಬಲ. ಓಡುವಾಗ ಸಿಗುವ ಬಲವಲ್ಲ. ಅದೂ ಎರಡು ಸುರುಳಿಗಳಲ್ಲೂ ಏಕಕಾಲಕ್ಕೆ 2.8 ಹರಿಯುವಾಗ ಅಳೆದದ್ದು. ಕೆಲವು ಡ್ರೈವರ್‌ಗಳ ಪಟ್ಟಿಯಲ್ಲಿ ಬರೆಯುವ ಆಂಪಿಯರ್ ಅಲೆಯಂತೆ ಏರಿಳಿಯುವ ಹರಿವಿನ ತುದಿಯ ಲೆಕ್ಕ, ಕೆಲವದರಲ್ಲಿ ಸರಾಸರಿಯಂಥ ಆರ್‌ಎಂಎಸ್ ಲೆಕ್ಕ. ತುದಿ 2.8 ಎಂದಿಟ್ಟರೆ ಆರ್‌ಎಂಎಸ್ 2 ಆಂಪಿಯರ್, ನಿಂತಾಗಿನ ಬಲ 18.9ರ ಬದಲು 13 ಚಿಲ್ಲರೆ. "ಬೋರ್ಡ್ ಪೂರ್ತಿ ಕೊಡುತ್ತಿಲ್ಲ" ಎಂಬ ನಿಮ್ಮ ಅನುಮಾನದಲ್ಲಿ ಇಷ್ಟು ಮಾತ್ರ ಹುರುಳಿದೆ. ನಿಮ್ಮ ಬೋರ್ಡಿನ ಮೇಲೆ ಎರಡು ಅಂಕಣಗಳಿದ್ದರೆ ಯಾವುದು ಯಾವುದೆಂದು ನೋಡಿಕೊಳ್ಳಿ.

ಎ4988 ಕಾದು ನಿಂತದ್ದು ಸಹಜ. ಆ ಚಿಪ್ಪಿನ ಕಾಗದದ ಮಿತಿ 2 ಆಂಪಿಯರ್, ಅದೂ ಒಳ್ಳೆಯ ತಂಪು ಇದ್ದರೆ. ಹೀಟ್‌ಸಿಂಕ್, ಫ್ಯಾನ್ ಇಲ್ಲದೆ ಒಂದರ ಆಸುಪಾಸಿನಲ್ಲೇ ಅದು ಏದುಸಿರು ಬಿಡುತ್ತದೆ. ತೀರಾ ಕಾದಾಗ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಡ್ರಾಯರಿನಲ್ಲಿಡಿ, ಇನ್ನೆಲ್ಲಾದರೂ ನೆಮಾ 17ಕ್ಕೆ ಬಂದೀತು. ಆಗ ಆಂಪಿಯರಿನ ಮಿತಿ ಹೊಂದಿಸುವ ಪೊಟೆನ್ಷಿಯೊಮೀಟರ್ ತಿರುಗಿಸುವ ಮುನ್ನ ಬೋರ್ಡಿನ ಮೇಲಿನ ಎರಡು ಪುಟ್ಟ ರೆಸಿಸ್ಟರುಗಳ ಬರಹ ಓದಲು ಮಗನಿಗೆ ಹೇಳಿ. ಆರ್‌100 ಎಂದಿದ್ದರೆ ಒಂದು ಆಂಪಿಯರಿಗೆ ವಿರೆಫ್ (ಆ ಮಿತಿಯನ್ನು ಗೊತ್ತುಮಾಡುವ ವೋಲ್ಟೇಜು) 0.8 ವೋಲ್ಟ್, ಆರ್‌050 ಎಂದಿದ್ದರೆ 0.4. ಎಲ್ಲಿಂದಲೋ ಸೂತ್ರ ನಕಲು ಮಾಡಿ ಇಟ್ಟರೆ ಎರಡು ಪಟ್ಟು ಹೆಚ್ಚೋ, ಅರ್ಧವೋ ಆಗುವುದು ಇಲ್ಲೇ.

ಮೈಕ್ರೊಸ್ಟೆಪ್ ತೆಗೆದರೆ ಬಲ ನಾಲ್ಕು ಪಟ್ಟು ಎಂಬುದು ಅರ್ಧ ಓದಿ ಹುಟ್ಟಿದ ಮಾತು. ನಾಲ್ಕರಲ್ಲಿ ಇಟ್ಟಾಗ ಒಂದು ಪುಟ್ಟ ಹೆಜ್ಜೆಯಷ್ಟು ಹಿಂದೆ ಬಿದ್ದ ಮೋಟಾರ್ ತೋರುವ ಬಲ ಪೂರ್ತಿಯ ಶೇಕಡಾ 38ರಷ್ಟು, ನಿಜ. ಆದರೆ ಇನ್ನಷ್ಟು ಹಿಂದೆ ಬಿದ್ದರೆ ಬಲವೂ ಏರುತ್ತಾ ಹೋಗಿ ಪೂರ್ತಿಯೇ ಸಿಗುತ್ತದೆ. ಕಳೆಯುವುದು ನಿಖರತೆ, ಪುಡಿ ತಳ್ಳುವ ಸ್ಕ್ರೂಗೆ ಅದರ ಹಂಗಿಲ್ಲ. ಪೂರ್ತಿ ಹೆಜ್ಜೆಗೆ ಇಳಿಸಿದರೆ ಕೆಲವು ವೇಗಗಳಲ್ಲಿ ಮೋಟಾರ್ ತನ್ನ ನಡುಕಕ್ಕೇ ಹೆಜ್ಜೆ ತಪ್ಪುತ್ತದೆ. ನಾಲ್ಕರಲ್ಲೇ ಇರಲಿ. ಬದಲಿಗೆ ಮಗ ಒಂದು ಲೆಕ್ಕ ನೋಡಲಿ: ಪುಟ್ಟ ಹೆಜ್ಜೆಗೊಂದು ಪಲ್ಸಿನಂತೆ, ನಾಲ್ಕರಲ್ಲಿ 300 ಸುತ್ತೆಂದರೆ ಸೆಕೆಂಡಿಗೆ 4000 ಪಲ್ಸ್. ಅವನು ಆಕ್ಸೆಲ್‌ಸ್ಟೆಪರ್ ಎಂಬ ಸಿದ್ಧ ಪ್ರೋಗ್ರಾಂ ಲೈಬ್ರರಿ ಬಳಸಿದ್ದರೆ ಉನೊದಲ್ಲಿ ಅದರ ಗಡಿ ಸುಮಾರು ಅಷ್ಟೇ. ನಡುವೆ ತೂಕದ ಸೆನ್ಸರ್ ಓದುವುದೋ, ಪರದೆಗೆ ಬರೆಯುವುದೋ ಇದ್ದರೆ ಪಲ್ಸುಗಳು ಅಂಕುಡೊಂಕಾಗಿ, ಬಲ ಇದ್ದರೂ ಮೋಟಾರ್ ಮುಗ್ಗರಿಸುತ್ತದೆ. ವೇಗವನ್ನು ಹಂತಹಂತವಾಗಿ ಏರಿಸುತ್ತಾನೋ, ಶುರುವಿಗೇ 300 ಕೇಳುತ್ತಾನೋ ನೀವು ಬರೆದಿಲ್ಲ. ಏರಿಸುತ್ತಿಲ್ಲದಿದ್ದರೆ ಇವತ್ತೇ ಸರಿಪಡಿಸಲಿ.

ಈಗ ಜೂನ್‌ಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ. ಮಾರ್ಚಿನಿಂದ ಜೂನ್‌ವರೆಗೆ ಮೋಟಾರೂ ಬದಲಾಗಿಲ್ಲ, ಬೋರ್ಡೂ ಬದಲಾಗಿಲ್ಲ. ಬದಲಾದದ್ದು ಶಾಂತಳ್ಳಿಯ ಗಾಳಿ. ಅಲ್ಲಿ ಮಳೆ ಹಿಡಿದರೆ ಮನೆಯೊಳಗಿನ ಉಪ್ಪೂ ನೀರಾಗುತ್ತದೆ. ಹುರಿದ ಕಾಫಿ ಪುಡಿ ಬಿಟ್ಟೀತೇ? ತೇವ ಎಳೆದ ಪುಡಿ ಒಂದಕ್ಕೊಂದು ಅಂಟಿ ಕೊಳವೆಯ ಗೋಡೆಗೆ ಮೆತ್ತಿಕೊಳ್ಳುತ್ತದೆ, ಸ್ಕ್ರೂ ಅದನ್ನು ತಳ್ಳುವ ಬದಲು ಅದುಮುತ್ತದೆ. ಚಿಕೋರಿ ಬೆರೆಸುತ್ತೀರಾದರೆ ಇನ್ನೂ ಕಷ್ಟ, ಅದು ಕಾಫಿಗಿಂತ ಬೇಗ ತೇವ ಹೀರುತ್ತದೆ. ಮಾರ್ಚಿನಲ್ಲೂ ನಿಮ್ಮ ಮೋಟಾರ್ ಅಂಚಿನಲ್ಲೇ ಓಡುತ್ತಿತ್ತು. ಮಳೆ ಬಂದು ಅಂಚಿನಿಂದ ಆಚೆ ತಳ್ಳಿತು, ಅಷ್ಟೆ.

ಆದ್ದರಿಂದ ದುಡ್ಡು ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಮೋಟಾರ್ ಕಳಚಿ, ಸ್ಕ್ರೂವಿನ ಶಾಫ್ಟಿಗೆ ಅಡ್ಡಲಾಗಿ ಒಂದು ಪಟ್ಟಿ ಬಿಗಿಯಿರಿ. ನಡುವಿನಿಂದ ಸರಿಯಾಗಿ 10 ಸೆಂಟಿಮೀಟರ್ ದೂರಕ್ಕೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಪುಡಿ ತುಂಬಿದ ಹಾಪರ್ ಇಟ್ಟುಕೊಂಡು ನಿಧಾನವಾಗಿ ಎಳೆಯಿರಿ. ತಕ್ಕಡಿ 800 ಗ್ರಾಂ ತೋರಿಸಿದರೆ ಸ್ಕ್ರೂ ಕೇಳುವುದು 8 ಕೆಜಿ–ಸೆಂಮೀ. ಒಮ್ಮೆ ಆಗತಾನೆ ಬೀಸಿದ ಪುಡಿಯಲ್ಲಿ, ಇನ್ನೊಮ್ಮೆ ರಾತ್ರಿಯಿಡೀ ಹಾಪರಿನಲ್ಲಿ ಬಿಟ್ಟ ಪುಡಿಯಲ್ಲಿ. ಎರಡರ ನಡುವೆ ದೊಡ್ಡ ಅಂತರ ಕಂಡರೆ ಮೊದಲ ಔಷಧಿ ಹಾಪರಿಗೆ ಬಿಗಿ ಮುಚ್ಚಳ, ಬೀಸಿದ ದಿನವೇ ತುಂಬುವ ಅಭ್ಯಾಸ, ಸಂಜೆ ಕೊಳವೆ ಒರೆಸಿ ಒಣಗಿಸುವುದು. ಡ್ರೈವರ್ ಮಾರುವವರು ಇದನ್ನು ಹೇಳುವುದಿಲ್ಲ.

ಇದರ ಮೇಲೂ ಬಲ ಬೇಕೆಂದಾದರೆ ನಾನು ಹೋಗುವ ದಾರಿ ಹೀಗೆ. ಖರ್ಚಿಲ್ಲದ್ದು ಮೊದಲು: 150 ಸುತ್ತಿಗೆ ಇಳಿಸಿ. ಪ್ಯಾಕೆಟ್ಟಿಗೆ ಎಂಟೂವರೆ ಸೆಕೆಂಡ್ ಆಗುತ್ತದೆ. ಬಾಯಿ ಸೀಲ್ ಮಾಡುವ ಕೈಗೆ ಹೇಗೂ ಅಷ್ಟು ಹೊತ್ತು ಬೇಕು. ಮನೆಯ ವ್ಯಾಪಾರಕ್ಕೆ ಇದು ನಷ್ಟವೆಂದು ನನಗೆ ಅನ್ನಿಸುವುದಿಲ್ಲ. ಅನೇಕರಿಗೆ ಇಲ್ಲಿಗೇ ಮುಗಿಯುತ್ತದೆ.

ಸಾಲದಿದ್ದರೆ ಇದೇ ಬೋರ್ಡಿಗೆ 24 ವೋಲ್ಟಿನ ಎಸ್‌ಎಂಪಿಎಸ್. 5 ಆಂಪಿಯರಿನದು ಧಾರಾಳ. "ಮೂರು ವೋಲ್ಟಿನ ಮೋಟಾರಿಗೆ 24 ಕೊಟ್ಟರೆ ಸುಟ್ಟುಹೋಗದೇ?" ಎಂಬ ಭಯ ಬೇಡ, ಆಂಪಿಯರ್ ಕಾಯುವವನು ನಡುವೆ ಕೂತಿದ್ದಾನೆ. ಅಪಾಯ ಇರುವುದು ಬೋರ್ಡಿನ ಕಡೆ. ಟಿಬಿ6600 ಹೆಸರಿನಲ್ಲಿ ಮಾರುವ ಪೆಟ್ಟಿಗೆಗಳ ಒಳಗೆ ಬೇರೆ ಬೇರೆ ಚಿಪ್ಪುಗಳಿರುತ್ತವೆ. ಮೇಲೆ 42 ವೋಲ್ಟ್ ಎಂದು ಬರೆದಿದ್ದರೂ ನಾನು 24ರ ಮೇಲೆ ಅದನ್ನು ನಂಬುವುದಿಲ್ಲ. ಮೋಟಾರ್ ಒಮ್ಮೆಗೇ ನಿಂತಾಗ ಹಿಂದಕ್ಕೆ ತಳ್ಳುವ ವೋಲ್ಟೇಜೂ ಇದರ ಮೇಲೆಯೇ ಸೇರುತ್ತದೆ.

ನಿಜಕ್ಕೂ 300 ಸುತ್ತು ಬೇಕೇ ಬೇಕೆಂದಾದರೆ ಡಿಎಂ542 ವರ್ಗದ ಡಿಜಿಟಲ್ ಡ್ರೈವರ್ ಹಾಗೂ 36 ವೋಲ್ಟ್. ಅದರ ಪಟ್ಟಿಯಲ್ಲಿ ತುದಿ 2.84 ಇದೆ, ಅಲ್ಲಿಂದ ಶುರು ಮಾಡಿ. ಬಿಸಿ ನೋಡಿಕೊಂಡು 3.31ಕ್ಕೆ ಹೋಗಬಹುದು. ನಿಂತಾಗ ಆಂಪಿಯರನ್ನು ಅರ್ಧಕ್ಕಿಳಿಸುವ ನಾಲ್ಕನೆಯ ಸ್ವಿಚ್ಚನ್ನು ಆಫ್‌ನಲ್ಲೇ ಬಿಡಿ. ನಿಮ್ಮ ಬಿಸಿಯ ಸಮಸ್ಯೆಗೆ ಅದೇ ಮದ್ದು. ಪ್ಯಾಕೆಟ್ ಬದಲಿಸುವ ಹೊತ್ತಿನಲ್ಲೇ ನಿಮ್ಮ ಮೋಟಾರ್ ಸುಮ್ಮನೆ ಕಾಯುತ್ತಿದೆ. ಅಂದಹಾಗೆ, ಮುಟ್ಟಲಾಗದಷ್ಟು ಬಿಸಿ ಎಂದರೆ 60 ಡಿಗ್ರಿಯ ಆಸುಪಾಸು. ಒಳಗಿನ ಸುರುಳಿಯ ಲೇಪ 130 ಡಿಗ್ರಿಯವರೆಗೆ ತಾಳುವಂಥದ್ದು, ಮೋಟಾರಿಗೆ ಅದರಿಂದ ಕೇಡಿಲ್ಲ. ಕೇಡಿರುವುದು ಅದನ್ನು ಹಿಡಿದ ಬ್ರಾಕೆಟ್ಟಿಗೆ: ಮಗ ಅದನ್ನು ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿದ್ದರೆ ಅದೇ 60ಕ್ಕೆ ಮೆತ್ತಗಾಗಿ ಬಾಗುತ್ತದೆ, ಸ್ಕ್ರೂ ಓರೆಯಾಗಿ ಕೊಳವೆಗೆ ಉಜ್ಜುತ್ತದೆ. ಆಗ ಮತ್ತೆ "ಬಲ ಸಾಲದು" ಎಂದು ಪತ್ರ ಬರೆಯುತ್ತೀರಿ! ಅಲ್ಯೂಮಿನಿಯಂ ಪಟ್ಟಿ ಹಾಕಿಸಿ.

ಬೆಲ್ಟ್ ಹಾಕಿ ಒಂದಕ್ಕೆರಡು ಇಳಿಸುವ ಯೋಚನೆ ಮಗನಿಗೆ ಬಂದಿರಬಹುದು. ಬಲ ಎರಡು ಪಟ್ಟಾಗುತ್ತದೆ, ಮೋಟಾರ್ ಎರಡು ಪಟ್ಟು ವೇಗವಾಗಿ ಓಡಬೇಕಾಗುತ್ತದೆ. 12 ವೋಲ್ಟಿನಲ್ಲಿ ಆ ವೇಗಕ್ಕೆ ಬಲವೇ ಇರುವುದಿಲ್ಲವಾದ್ದರಿಂದ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತೆ. ವೋಲ್ಟೇಜ್ ಏರಿಸಿದ ಮೇಲಷ್ಟೇ ಬೆಲ್ಟಿನ ಮಾತು. ನೆಮಾ 34 ಅಂತೂ ಬೇಡ. ಆ ಅಂಕಿ ಹೇಳುವುದು ಮೋಟಾರಿನ ಮುಖದ ಅಗಲವನ್ನು ಮಾತ್ರ: 23 ಎಂದರೆ 2.3 ಇಂಚು, 34 ಎಂದರೆ 3.4. ದೊಡ್ಡ ಮೋಟಾರುಗಳು ಸಾಮಾನ್ಯವಾಗಿ ಇನ್ನೂ ಹೆಚ್ಚಿನ ಆಂಪಿಯರನ್ನೂ ಇನ್ನೂ ಹೆಚ್ಚಿನ ಒತ್ತಡವನ್ನೂ ಬೇಡುತ್ತವೆ. 12 ವೋಲ್ಟಿಗೆ ಕಟ್ಟಿದರೆ ಈಗಿರುವುದಕ್ಕಿಂತ ಬೇಗ ನಿಂತೀತು.

ಇನ್ನೊಂದು ಮಾತು, ಮಗನಿಗೆ ಬೇಸರವಾದರೂ ಹೇಳಬೇಕು. ಈ ಕೆಲಸಕ್ಕೆ ಸ್ಟೆಪರೇ ಬೇಕೆಂದಿಲ್ಲ. ಸುತ್ತು ಎಣಿಸಿ ತೂಕ ಅಂದಾಜು ಮಾಡುವುದು ಒಣ ಪುಡಿಗೆ ಸರಿ. ಮಳೆಗಾಲದಲ್ಲಿ ಪುಡಿ ಅಂಟಿಕೊಂಡಾಗ 21 ಸುತ್ತಿಗೆ 250 ಗ್ರಾಂ ಬೀಳುವ ಖಾತರಿಯಿಲ್ಲ. ಪ್ಯಾಕೆಟ್ಟಿನ ಕೆಳಗೆ ಲೋಡ್‌ಸೆಲ್ ಎಂಬ ತೂಕದ ಸೆನ್ಸರ್ ಇಟ್ಟು ತೂಕ ತುಂಬಿದಾಗ ನಿಲ್ಲಿಸುವುದಾದರೆ, ಗೇರ್ ಇರುವ ಸಾದಾ ಡಿಸಿ ಮೋಟಾರ್ ಇದಕ್ಕಿಂತ ಕಡಿಮೆ ತಲೆನೋವಿನಲ್ಲಿ ಈ ಕೆಲಸ ಮಾಡುತ್ತದೆ. ಅದು ಹೆಜ್ಜೆ ತಪ್ಪುವುದಿಲ್ಲ, ಬಿಗಿಯಾದಾಗ ತುಸು ನಿಧಾನವಾಗುತ್ತದೆ. ಆದರೆ ಪೂರ್ತಿ ಸಿಕ್ಕಿಕೊಂಡರೆ ಎಳೆಯುತ್ತಲೇ ಇದ್ದು ತನ್ನನ್ನೇ ಸುಟ್ಟುಕೊಳ್ಳಬಹುದು, ಫ್ಯೂಸ್ ಬೇಕು.

ಯಾವ ದಾರಿ ಹಿಡಿದರೂ ಹಾಪರಿನ ಬಾಯಿಗೆ ಜಾಲರಿ ಹಾಕಿಸಿ. ಈಗ ಪುಡಿ ಕಟ್ಟಿಕೊಂಡಾಗ ನೀವು ಬೆರಳಿನಿಂದ ಕೆದಕುತ್ತೀರೆಂದು ನನಗೆ ಗೊತ್ತು, ಎಲ್ಲರೂ ಕೆದಕುತ್ತಾರೆ. ಬಲ ಕಂಡ ಮೋಟಾರ್ ಬೆರಳಿಗೂ ಪುಡಿಗೂ ಭೇದ ಮಾಡುವುದಿಲ್ಲ. ಎಸ್‌ಎಂಪಿಎಸ್ ಮತ್ತು ಡ್ರೈವರನ್ನು ಮುಚ್ಚಿದ ಪೆಟ್ಟಿಗೆಯಲ್ಲಿಡಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಂದು ಕೂತ ಹಲ್ಲಿಯಿಂದ ಸುಟ್ಟ ಎಸ್‌ಎಂಪಿಎಸ್‌ಗಳು ಕುಶಾಲನಗರದ ನನ್ನ ವರ್ಕ್‌ಶಾಪಿಗೆ ಪ್ರತಿವರ್ಷ ಬರುತ್ತವೆ.

ತಕ್ಕಡಿಯ ಎರಡು ಓದುಗಳನ್ನು, ಬೋರ್ಡಿನ ಮೇಲಿನ ಪಟ್ಟಿಯ ಫೋಟೊವನ್ನು ಕಳುಹಿಸಿ. ತೇವದ ಪುಡಿಗೂ 5 ಕೆಜಿ–ಸೆಂಮೀ ದಾಟದಿದ್ದರೆ ಹೊಸದೇನನ್ನೂ ಕೊಳ್ಳಬೇಡಿ, ವೇಗ ಇಳಿಸಿದರೆ ಸಾಕು. ಹತ್ತು ದಾಟಿದರೆ ಮೋಟಾರ್ ಬಿಟ್ಟು ಮೊದಲು ಸ್ಕ್ರೂವಿಗೂ ಕೊಳವೆಗೂ ನಡುವೆ ಎಷ್ಟು ಸಂದು ಇದೆ ಎಂದು ಅಳೆದು ಬರೆಯಿರಿ.